ಒಂದು ಸೀಟಿನ ಲೆಕ್ಕ

ಪೋಸ್ಟ್ ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ. ಅರ್ಧ ಓದಿ ಬೈಬೇಡಿ, ಪೂರ್ತಿ ಓದಿ ಬೈರಿ.

ಹೋದ ಭಾನುವಾರ ನಮ್ಮ ಸ್ಟಡಿ ಸರ್ಕಲ್‌ಗೆ ಹೊಸದಾಗಿ ಬಂದ ಡಿಗ್ರಿ ಹುಡುಗ ಒಬ್ಬ ಕೇಳಿದ: "ಅಣ್ಣ, ಕುಮಾರಸ್ವಾಮಿ ಅವರ ಸಮ್ಮಿಶ್ರ ಸರ್ಕಾರ ಬಿದ್ದಿದ್ದು ನಮ್ಮ ಕೊಳ್ಳೇಗಾಲದ ಎಂಎಲ್‌ಎ ಓಟು ಹಾಕದೇ ಇದ್ದಿದ್ದಕ್ಕಂತೆ, ಹೌದಾ?" ಯಾರು ಹೇಳಿದ್ದು ಅಂದೆ. "ಕಾಲೇಜಲ್ಲಿ ಎಲ್ರೂ ಹಾಗೇ ಅಂತಾರಣ್ಣ, ನಿಮ್ಮೋರೇ ಬೀಳಿಸಿದ್ದು ಅಂತಾರೆ" ಅಂದ.

ಅವನಿಗೆ ಅಲ್ಲೇ ಒಂದು ಕೂಡೋ ಕಳೆಯೋ ಲೆಕ್ಕ ಮಾಡಿ ತೋರಿಸಿದೆ. 2019ರ ಜುಲೈ 23ರ ರಾತ್ರಿ ವಿಧಾನಸಭೆಯಲ್ಲಿ ವಿಶ್ವಾಸಮತದ ಪರ 99, ವಿರುದ್ಧ 105. ಕೊಳ್ಳೇಗಾಲದ ಎನ್. ಮಹೇಶ್ ಬಂದು ಕೂತು ಪರವಾಗಿ ಕೈ ಎತ್ತಿದ್ದರೆ 100 ಆಗ್ತಿತ್ತು. 105ರ ಮುಂದೆ 100 ಕೂಡ ಸೋಲೇ. ಅವತ್ತು ಸದನಕ್ಕೆ ಬರದೇ ಇದ್ದವರು 20 ಜನ. ಅದರಲ್ಲಿ ನಮ್ಮ ಸಮಾಜದ ಪಕ್ಷದವರು ಅಂತ ಇದ್ದದ್ದು ಒಬ್ಬರು. ಆದರೆ ಆರು ವರ್ಷ ಕಳೆದ ಮೇಲೂ ಜನರ ಬಾಯಲ್ಲಿ ಉಳಿದಿರೋದು ಆ ಒಬ್ಬರ ಹೆಸರೇ. ಮುಂಬೈ ಹೋಟೆಲ್‌ಗೆ ಹೋಗಿ ಕೂತವರ ಹೆಸರು ಕೇಳಿದರೆ ಆ ಹುಡುಗನಿಗೆ ಎರಡೂ ಗೊತ್ತಿರಲಿಲ್ಲ.

ಹಾಗಂತ ಮಹೇಶ್ ಅವರನ್ನ ಸಮರ್ಥನೆ ಮಾಡೋಕೆ ಈ ಪೋಸ್ಟ್ ಬರೀತಿಲ್ಲ. ಆ ಹದಿನಾಲ್ಕು ತಿಂಗಳು ನಾವು ಎಲ್ಲಿ ಎಣಿಕೆಗೆ ಬಂದ್ವಿ, ಎಲ್ಲಿ ಬರಲಿಲ್ಲ ಅನ್ನೋದನ್ನ ಒಂದು ಸಲ ಸರಿಯಾಗಿ ಬರೆದಿಡಬೇಕು ಅನ್ನಿಸಿತು. ನಾನು ಪ್ರೊಫೆಸರ್ ಅಲ್ಲ. ಒಂದು ಖಾಸಗಿ ಸಂಸ್ಥೆಯ ಆಫೀಸಲ್ಲಿ ಗುಮಾಸ್ತ, ಆವಕ ಜಾವಕ ಪುಸ್ತಕ ಬರೆಯೋನು. ಯಾವ ಕಾಗದ ಯಾವತ್ತು ಒಳಗೆ ಬಂತು, ಯಾವತ್ತು ಹೊರಗೆ ಹೋಯ್ತು ಅಂತ ನೋಡೋದೇ ನನ್ನ ಕೆಲಸ. ಇದನ್ನೂ ಹಾಗೇ ನೋಡ್ತೀನಿ.

2018ರ ಫೆಬ್ರವರಿಯಲ್ಲಿ ಜೆಡಿಎಸ್ ಮತ್ತು ಬಿಎಸ್‌ಪಿ ಚುನಾವಣಾ ಪೂರ್ವ ಮೈತ್ರಿ ಮಾಡಿಕೊಂಡವು. ಬಿಎಸ್‌ಪಿಗೆ 20 ಸೀಟು ಅಂತ ಒಪ್ಪಂದ. ಆಗ ನಮ್ಮಲ್ಲೇ ಎಷ್ಟು ಜನ ನಕ್ಕರು ನೆನಪಿದೆಯಾ? ಗೌಡರ ಪಕ್ಷದ ಜೊತೆ ನಮಗೇನು ಕೆಲಸ, ಹಳ್ಳಿಯಲ್ಲಿ ನೀರಿನ ತೊಟ್ಟಿ ಹತ್ತಿರ ಬಿಡದವರ ಜೊತೆ ಮೈತ್ರಿನಾ ಅಂತ. ನಾನೂ ಹಾಗೇ ಅಂದವನೇ. ಆದರೆ ನನ್ನ ಓಟು ಇವತ್ತಿಗೂ ಇರೋದು ಯಳಂದೂರು ತಾಲ್ಲೂಕಿನ ನಮ್ಮೂರಲ್ಲಿ, ಅಂದರೆ ಕೊಳ್ಳೇಗಾಲ ಮೀಸಲು ಕ್ಷೇತ್ರದಲ್ಲಿ. ಮೇ 12ಕ್ಕೆ ಮೈಸೂರಿಂದ ಬಸ್ ಹತ್ತಿ ಹೋದಾಗ ನಮ್ಮ ಕೇರಿಯಲ್ಲಿ ಕಂಡಿದ್ದೇ ಬೇರೆ. ನಮ್ಮವ್ವನ ವಯಸ್ಸಿನ ಹೆಂಗಸರು ಬೆಳಗ್ಗೆ ಏಳಕ್ಕೇ ಸಾಲಲ್ಲಿ ನಿಂತಿದ್ದರು. ಯಾರೂ ಆಟೋ ಕಳಿಸಿರಲಿಲ್ಲ.

ಮಹೇಶ್ ಅವರು ಕೆಎಎಸ್ ನೌಕರಿ ಬಿಟ್ಟು ಬಿಎಸ್‌ಪಿಗೆ ಬಂದವರು. ಆ ಭಾಗದಲ್ಲಿ ನಿಂತು ನಿಂತು ಸೋತವರು. ಸೋತ ಮೇಲೂ ಊರೂರು ತಿರುಗಿ ಕೇರಿಯ ಹುಡುಗರನ್ನ ಕೂರಿಸಿಕೊಂಡು ಅಂಬೇಡ್ಕರ್, ಕಾನ್ಶಿರಾಂ ಪಾಠ ಮಾಡಿದವರು. ಆ ಪಾಠ ಕೇಳಿದ ಹುಡುಗರಲ್ಲಿ ನಾನೂ ಒಬ್ಬ. ಇದನ್ನ ಮುಚ್ಚಿಟ್ಟು ಇತಿಹಾಸ ಬರೆಯೋಕಾಗಲ್ಲ. 2018ರಲ್ಲಿ ಅವರು ಕಾಂಗ್ರೆಸ್‌ನ ಎ.ಆರ್. ಕೃಷ್ಣಮೂರ್ತಿ ಅವರನ್ನ 19,454 ಓಟಿನಿಂದ ಸೋಲಿಸಿದರು. ಈ ಕೃಷ್ಣಮೂರ್ತಿ ಅವರು ಯಾರು ಅಂತ ಹೊರಗಿನವರಿಗೆ ಹೇಳಬೇಕು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಧ್ರುವನಾರಾಯಣ ಅವರ ಎದುರು ಒಂದೇ ಒಂದು ಓಟಿನಿಂದ ಸೋತವರು. 40,752 ಮತ್ತು 40,751. ಅವರ ಕಾರಿನ ಡ್ರೈವರ್ ಓಟು ಹಾಕೋಕೆ ಹೋಗಲಿಲ್ಲ ಅಂತ ನಮ್ಮ ಕಡೆ ಟೀ ಅಂಗಡಿಯಲ್ಲಿ ಇವತ್ತಿಗೂ ಕತೆ ಹೇಳ್ತಾರೆ. ಒಂದು ಓಟು ಅನ್ನೋ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಇರೋ ತೂಕ ಬೇರೆ ಕಡೆ ಇರಲಿಕ್ಕಿಲ್ಲ.

ಇನ್ನೊಂದು ವಿಷಯ. ಕರ್ನಾಟಕದಲ್ಲಿ ಬಿಎಸ್‌ಪಿಯ ಮೊದಲ ಎಂಎಲ್‌ಎ ಮಹೇಶ್ ಅಲ್ಲ. 1994ರಲ್ಲೇ ಬೀದರ್‌ನಿಂದ ಸೈಯದ್ ಜುಲ್ಫೇಕರ್ ಹಾಶ್ಮಿ ಆನೆ ಗುರುತಿನಲ್ಲಿ ಗೆದ್ದಿದ್ದರು. ಮಂತ್ರಿ ಆಗಿದ್ದು ಮಾತ್ರ ಮಹೇಶ್ ಅವರೇ ಮೊದಲು.

ಮೇ 15ಕ್ಕೆ ಫಲಿತಾಂಶ ಬಂತು. ಚುನಾವಣೆ ನಡೆದಿದ್ದ 222 ಸೀಟಲ್ಲಿ ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಉಳಿದ ಮೂರು ಒಂಟಿ ಸೀಟು: ಕೊಳ್ಳೇಗಾಲದ ಮಹೇಶ್, ಮುಳಬಾಗಿಲಿನ ಪಕ್ಷೇತರ ಎಚ್. ನಾಗೇಶ್, ರಾಣೆಬೆನ್ನೂರಿನ ಆರ್. ಶಂಕರ್. ಬಹುಮತಕ್ಕೆ 112 ಬೇಕು. ಬಿಜೆಪಿಗೆ ಎಂಟು ಕಡಿಮೆ. ಈ ಮೂರು ಒಂಟಿ ಸೀಟಿಗೆ ಇದ್ದಕ್ಕಿದ್ದಂತೆ ಬೆಲೆ ಬಂದಿದ್ದು ಆ ಎಂಟರಿಂದ. ಗಮನಿಸಿ, ಮೂರರಲ್ಲಿ ಎರಡು, ಕೊಳ್ಳೇಗಾಲ ಮತ್ತು ಮುಳಬಾಗಿಲು, ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು. ಯಾವ ಪಕ್ಷದ ಗೋಡೆಯೂ ಇಲ್ಲದ ಇಬ್ಬರು ದಲಿತ ಶಾಸಕರು ಎರಡೂ ಕಡೆಯವರಿಗೆ ಬೇಕಾಗಿದ್ದರು. ಇಂಥ ಸಂದರ್ಭ ರಾಜ್ಯದಲ್ಲಿ ದಿನಾ ಬರಲ್ಲ.

ಮುಂದಿನ ನಾಟಕ ಎಲ್ಲರಿಗೂ ಗೊತ್ತಿದೆ, ಬೇಗ ಹೇಳಿ ಮುಗಿಸ್ತೀನಿ. ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪ ಅವರನ್ನ ಕರೆದರು, ಬಹುಮತ ತೋರಿಸೋಕೆ 15 ದಿನ ಕೊಟ್ಟರು. ಸುಪ್ರೀಂ ಕೋರ್ಟ್ ನಡುರಾತ್ರಿ ಕೂತಿತು. ಮೇ 17ಕ್ಕೆ ಪ್ರಮಾಣವಚನ, ಮೇ 19ಕ್ಕೆ ಮತಕ್ಕೆ ಹಾಕೋ ಮೊದಲೇ ರಾಜೀನಾಮೆ. ಮೇ 23ಕ್ಕೆ ವಿಧಾನಸೌಧದ ಮೆಟ್ಟಿಲ ಮೇಲೆ ಕುಮಾರಸ್ವಾಮಿ ಮುಖ್ಯಮಂತ್ರಿ, ಡಾ. ಜಿ. ಪರಮೇಶ್ವರ ಉಪಮುಖ್ಯಮಂತ್ರಿ. ಆವತ್ತಿನ ಫೋಟೋ ನಿಮ್ಮ ಫೋನಲ್ಲೂ ಇರಬಹುದು: ಸೋನಿಯಾ ಗಾಂಧಿ ಮತ್ತು ಬೆಹೆನ್‌ಜಿ ಮಾಯಾವತಿ ಒಬ್ಬರನ್ನೊಬ್ಬರು ತಬ್ಬಿಕೊಂಡು ನಗ್ತಿರೋದು. ಕಾಂಗ್ರೆಸ್‌ಗೂ ಗೌಡರಿಗೂ ಮಾತು ಕೂಡಿಸೋಕೆ ಮಾಯಾವತಿಯವರೂ ಫೋನ್ ಮಾಡಿದ್ದರು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಆ ಫೋಟೋನ ನಾನು ವಾಟ್ಸಾಪ್ ಡಿಪಿ ಮಾಡಿಕೊಂಡಿದ್ದೆ. ನಗಬೇಡಿ.

ಆ ಖುಷಿಯಲ್ಲಿ ಮರೆತ ಒಂದು ಮಾತಿದೆ. ಮತದಾನ ಮುಗಿದು ಫಲಿತಾಂಶ ಬರೋ ಮೊದಲು, ದಲಿತರು ಮುಖ್ಯಮಂತ್ರಿ ಆಗೋದಾದರೆ ನಾನು ದಾರಿ ಬಿಡ್ತೀನಿ ಅಂತ ಸಿದ್ದರಾಮಯ್ಯ ಹೇಳಿದ್ದರು. ಎರಡು ದಿನದಲ್ಲಿ ಫಲಿತಾಂಶ ಬಂತು. 78 ಸೀಟಿನ ಪಕ್ಷ ಮುಖ್ಯಮಂತ್ರಿ ಕುರ್ಚಿಯನ್ನ 37 ಸೀಟಿನ ಪಕ್ಷಕ್ಕೆ ಬಿಟ್ಟುಕೊಟ್ಟಿತು. ಬಿಟ್ಟುಕೊಡೋಕೆ ಸಾಧ್ಯ ಇದೆ ಅನ್ನೋದು ಅಲ್ಲಿಗೆ ಗೊತ್ತಾಯ್ತಲ್ಲ? ಯಾರಿಗೆ ಬಿಟ್ಟುಕೊಡಬೇಕು ಅನ್ನೋ ಪ್ರಶ್ನೆ ಬಂದಾಗ ಮಾತ್ರ ದಲಿತ ಮುಖ್ಯಮಂತ್ರಿ ಅನ್ನೋ ಪದ ಯಾರ ಬಾಯಲ್ಲೂ ಬರಲಿಲ್ಲ. ನಮಗೆ ಉಪ ಬಂತು. ರಾಜ್ಯದ ಮೊದಲ ದಲಿತ ಉಪಮುಖ್ಯಮಂತ್ರಿ ಅಂತ ನಾವೇ ಬ್ಯಾನರ್ ಕಟ್ಟಿದ್ವಿ.

ಆಮೇಲೆ ಖಾತೆ ಹಂಚಿಕೆ. ಕಾಂಗ್ರೆಸ್‌ಗೆ 22, ಜೆಡಿಎಸ್‌ಗೆ ಮುಖ್ಯಮಂತ್ರಿ ಸೇರಿ 12. ಹಣಕಾಸು ಯಾರಿಗೆ, ಇಂಧನ ಯಾರಿಗೆ ಅಂತ ಎಳೆದಾಡಿ ಎಳೆದಾಡಿ ಜೂನ್ 6ಕ್ಕೆ ಸಂಪುಟ ವಿಸ್ತರಣೆ ಆಯ್ತು. ಜೆಡಿಎಸ್ ಪಾಲಿನ ಒಂದು ಜಾಗದಲ್ಲಿ ಮಹೇಶ್ ಮಂತ್ರಿ ಆದರು. ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ. ನಮ್ಮ ಕೇರಿಯಲ್ಲಿ ಪಟಾಕಿ ಹೊಡೆದರು. ಸರ್ಕಾರಿ ಶಾಲೆಯಲ್ಲಿ ಓದ್ತಾ ಇರೋದು ಇನ್ಯಾರ ಮಕ್ಕಳು ಹೇಳಿ? ಆ ಇಲಾಖೆ ನಮ್ಮವರ ಕೈಗೆ ಬಂತು ಅಂದರೆ ಸಣ್ಣ ವಿಷಯ ಆಗಿರಲಿಲ್ಲ.

ಇಲ್ಲಿ ಒಂದು ನಿಮಿಷ ಬಾಬಾಸಾಹೇಬರ ಕಡೆ ಬರ್ತೀನಿ. 1951ರ ಸೆಪ್ಟೆಂಬರ್‌ನಲ್ಲಿ ಅವರು ನೆಹರೂ ಸಂಪುಟಕ್ಕೆ ರಾಜೀನಾಮೆ ಕೊಟ್ಟಿದ್ದು ಹಿಂದೂ ಕೋಡ್ ಬಿಲ್‌ಗಾಗಿ ಅಂತ ನಮಗೆಲ್ಲ ಬಾಯಿಪಾಠ. ಆದರೆ ಅಕ್ಟೋಬರ್‌ನಲ್ಲಿ ಅವರು ಹೊರಗೆ ಬಿಡುಗಡೆ ಮಾಡಿದ ಹೇಳಿಕೆ ಓದಿ. ಅಲ್ಲಿ ಇನ್ನೂ ಕಾರಣಗಳಿವೆ. ಯೋಜನಾ ಖಾತೆ ಕೊಡ್ತೀನಿ ಅಂದವರು ಕೊಡಲಿಲ್ಲ. ವಿದೇಶಾಂಗ, ರಕ್ಷಣೆಯಂಥ ಮುಖ್ಯ ಸಮಿತಿಗಳಲ್ಲಿ ಸೇರಿಸಲಿಲ್ಲ. ಪರಿಶಿಷ್ಟ ಜಾತಿಗಳ ಬಗ್ಗೆ ಸರ್ಕಾರಕ್ಕೆ ಕಾಳಜಿ ಇರಲಿಲ್ಲ. ತೀರ್ಮಾನ ಎಲ್ಲ ಸಮಿತಿಗಳಲ್ಲೇ ಆಗಿ ಬರ್ತಿತ್ತು, ಸಂಪುಟ ಅನ್ನೋದು ಅದನ್ನ ದಾಖಲೆ ಮಾಡಿಕೊಳ್ಳೋ ಆಫೀಸ್ ಆಗಿಬಿಟ್ಟಿತ್ತು ಅನ್ನೋ ಅರ್ಥದ ಮಾತು ಅದರಲ್ಲಿದೆ. ಅದನ್ನ ಮೊದಲ ಸಲ ಓದಿದಾಗ ನನ್ನ ಟೇಬಲ್ ಮೇಲಿನ ಆವಕ ಪುಸ್ತಕ ನೋಡಿ ನಕ್ಕಿದ್ದೆ. ಸಂವಿಧಾನ ಬರೆದವರನ್ನೇ ಅಲ್ಲಿ ಕೂರಿಸಿದ್ದರು!

ಸಮ್ಮಿಶ್ರ ಸರ್ಕಾರದಲ್ಲೂ ತೀರ್ಮಾನ ಆಗ್ತಿದ್ದ ಜಾಗ ಸಂಪುಟ ಅಲ್ಲ. ಸಿದ್ದರಾಮಯ್ಯ ಅಧ್ಯಕ್ಷತೆಯಲ್ಲಿ ಸಮನ್ವಯ ಸಮಿತಿ ಅಂತ ಒಂದಿತ್ತು. ಅದರ ಮೇಲೆ ದೆಹಲಿ ಹೈಕಮಾಂಡ್, ಇನ್ನೊಂದು ಕಡೆ ಪದ್ಮನಾಭನಗರದ ಮನೆ. ಮುಖ್ಯಮಂತ್ರಿಯೇ ಜುಲೈನಲ್ಲಿ ವೇದಿಕೆ ಮೇಲೆ ಕಣ್ಣೀರು ಹಾಕಿ, ವಿಷಕಂಠನ ಥರ ವಿಷ ನುಂಗ್ತಾ ಇದೀನಿ ಅಂದರು. ಮುಖ್ಯಮಂತ್ರಿ ಕತೆಯೇ ಹಾಗಾದರೆ ಒಂಟಿ ಸೀಟಿನ ಮಂತ್ರಿ ಕತೆ ಏನಿರಬಹುದು ಊಹಿಸಿ. ಪರಮೇಶ್ವರ ಅವರ ಕತೆಯೂ ನೋಡಿದ್ವಲ್ಲ. ಡಿಸೆಂಬರ್‌ನ ವಿಸ್ತರಣೆಯಲ್ಲಿ ಗೃಹ ಖಾತೆ ಅವರ ಕೈಯಿಂದ ಎಂ.ಬಿ. ಪಾಟೀಲರಿಗೆ ಹೋಯಿತು. ಉಪಮುಖ್ಯಮಂತ್ರಿ ಪದ ಉಳೀತು, ಪೊಲೀಸ್ ಇಲಾಖೆ ಹೋಯ್ತು. ದಲಿತರ ಮೇಲಿನ ದೌರ್ಜನ್ಯ ಕೇಸಿಗೆ ಠಾಣೆ ಬಾಗಿಲಲ್ಲಿ ಕೂತು ಎಫ್‌ಐಆರ್ ಹಾಕಿಸೋ ನಮ್ಮ ಹುಡುಗರಿಗೆ ಇವೆರಡರ ವ್ಯತ್ಯಾಸ ಗೊತ್ತು.

ಈಗ ನಮ್ಮ ಮನೆ ಕತೆ. ನಮ್ಮಕ್ಕನ ಗಂಡ, ಭಾವ, ಸರ್ಕಾರಿ ನೌಕರರು. ಇಲಾಖೆ ಹೆಸರು ಬೇಡ. 2017ರ ಫೆಬ್ರವರಿ 9ಕ್ಕೆ ಸುಪ್ರೀಂ ಕೋರ್ಟ್ ಬಿ.ಕೆ. ಪವಿತ್ರ ಕೇಸಲ್ಲಿ ಕರ್ನಾಟಕದ ಬಡ್ತಿ ಮೀಸಲಾತಿ ಜ್ಯೇಷ್ಠತೆಯ 2002ರ ಕಾಯ್ದೆಯನ್ನ ರದ್ದು ಮಾಡಿತು. ಪಟ್ಟಿ ಮತ್ತೆ ಮಾಡಿ ಅಂದಿತು. ಸಾವಿರಾರು ಎಸ್‌ಸಿ, ಎಸ್‌ಟಿ ನೌಕರರ ನೆತ್ತಿ ಮೇಲೆ ಹಿಂಬಡ್ತಿಯ ಕತ್ತಿ. ಭಾವ ಸೂಪರಿಂಟೆಂಡೆಂಟ್ ಆಗಿದ್ದವರು ವಾಪಸ್ ಪ್ರಥಮ ದರ್ಜೆ ಸಹಾಯಕರಾದರು. ತಾವೇ ಕೆಲಸ ಹೇಳಿಕೊಟ್ಟ ಹುಡುಗನ ಕೈಕೆಳಗೆ ಕೂತರು. ಟೇಬಲ್ ಮೇಲಿನ ನೇಮ್ ಬೋರ್ಡನ್ನ ಪೇಪರಲ್ಲಿ ಸುತ್ತಿ ಮನೆಗೆ ತಂದು ಬೀರುವಿನ ಮೇಲಿಟ್ಟರು. ಅಕ್ಕ ಅದನ್ನ ಧೂಳು ಒರೆಸೋಕೂ ಮುಟ್ಟುತ್ತಿರಲಿಲ್ಲ.

ಸಿದ್ದರಾಮಯ್ಯ ಸರ್ಕಾರ ರತ್ನಪ್ರಭಾ ಸಮಿತಿ ಮಾಡಿ, ವರದಿ ತರಿಸಿ, ಹೊಸ ಕಾಯ್ದೆ ಪಾಸು ಮಾಡಿತು. ಅದು ರಾಜ್ಯಪಾಲರಿಂದ ರಾಷ್ಟ್ರಪತಿಗಳಿಗೆ ಹೋಯಿತು. ಅಂಕಿತ ಬಿದ್ದಿದ್ದು 2018ರ ಜೂನ್‌ನಲ್ಲಿ, ಸಮ್ಮಿಶ್ರ ಸಂಪುಟ ಬಂದ ಹೊಸದರಲ್ಲಿ. ಕಾಯ್ದೆ ಕೈಗೆ ಬಂತು. ಗೆಜೆಟ್‌ನಲ್ಲೂ ಬಂತು. ಭಾವ ಅವತ್ತು ಮೈಸೂರ್‌ಪಾಕ್ ತಂದಿದ್ದರು. ಆಮೇಲೆ? ಕೋರ್ಟಲ್ಲಿ ಕೇಸಿದೆ, ನೋಡೋಣ, ಕಾನೂನು ಸಲಹೆ ತಗೋತೀವಿ. ಜೂನ್ ಹೋಯ್ತು, ಆಗಸ್ಟ್ ಹೋಯ್ತು, ದಸರಾ ಹೋಯ್ತು. ಉಪಮುಖ್ಯಮಂತ್ರಿ ನಮ್ಮವರು, ಸಮಾಜ ಕಲ್ಯಾಣ ಪ್ರಿಯಾಂಕ್ ಖರ್ಗೆ, ಶಿಕ್ಷಣ ಮಹೇಶ್. ಇಷ್ಟು ಜನ ಒಳಗೆ ಇದ್ದರೂ ಕಾಯ್ದೆ ಕಡತದಲ್ಲೇ ಇತ್ತು. ಅವರು ಒಳಗೆ ಮಾತಾಡಲಿಲ್ಲ ಅಂತ ನಾನು ಹೇಳಲ್ಲ. ಮಾತಾಡಿದರೂ ಸರ್ಕಾರ ಅಲುಗಾಡ್ತಿರಲಿಲ್ಲ ಅಷ್ಟೇ. ಅದೇ ಹೊತ್ತಿನಲ್ಲಿ ಬೆಳಗಾವಿಯಲ್ಲಿ ಒಂದು ಮನೆತನ ಮುನಿಸಿಕೊಂಡರೆ ಇಡೀ ಸರ್ಕಾರ ರಾತ್ರಿ ನಿದ್ದೆ ಮಾಡ್ತಿರಲಿಲ್ಲ.

ಇಂಥ ಸಮಯದಲ್ಲಿ, 2018ರ ಅಕ್ಟೋಬರ್ 11ಕ್ಕೆ, ಮಹೇಶ್ ರಾಜೀನಾಮೆ ಕೊಟ್ಟರು. ಮಂತ್ರಿ ಆಗಿ ನಾಲ್ಕು ತಿಂಗಳು ಐದು ದಿನ. ಕ್ಷೇತ್ರದ ಕಡೆ ಗಮನ ಕೊಡಬೇಕು, ಲೋಕಸಭೆ ಚುನಾವಣೆಗೆ ಪಕ್ಷ ಕಟ್ಟಬೇಕು ಅಂತ ಕಾರಣ ಹೇಳಿದರು. ಸರ್ಕಾರಕ್ಕೆ ಬೆಂಬಲ ಮುಂದುವರಿಯುತ್ತೆ ಅಂದರು. ಅದಕ್ಕೆ ಒಂದು ವಾರ ಮೊದಲಷ್ಟೇ ಮಾಯಾವತಿಯವರು ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಕಾಂಗ್ರೆಸ್ ಜೊತೆ ಮೈತ್ರಿ ಇಲ್ಲ ಅಂತ ಘೋಷಿಸಿದ್ದರು. ಇವೆರಡಕ್ಕೂ ಸಂಬಂಧ ಇದೆ ಅಂತ ನಮ್ಮ ಎಲ್ಲರ ಲೆಕ್ಕ.

ನಾನು ಜಗಳ ಆಡೋದು ಇಲ್ಲಿ. ಬಾಬಾಸಾಹೇಬರು ರಾಜೀನಾಮೆ ಕೊಟ್ಟಾಗ ಕಾರಣ ಹೇಳಿದರು, ಒಂದೊಂದಾಗಿ, ಪುಟಗಟ್ಟಲೆ. 2018ರ ಅಕ್ಟೋಬರ್‌ನಲ್ಲಿ ನಮ್ಮ ಮಂತ್ರಿ "ಬಡ್ತಿ ಮೀಸಲಾತಿ ಕಾಯ್ದೆ ಜಾರಿ ಮಾಡಿ, ಇಲ್ಲದಿದ್ದರೆ ಹೊರಗೆ ಹೋಗ್ತೀನಿ" ಅಂದು ಹೊರಗೆ ಬಂದಿದ್ದರೆ? ಒಂಟಿ ಸೀಟೇ ಆಗಿರಲಿ, ಆ ರಾಜೀನಾಮೆ ರಾಜ್ಯದ ಪ್ರತಿ ಇಲಾಖೆಯಲ್ಲಿ ಹಿಂಬಡ್ತಿ ಆದ ನೌಕರನ ಮನೆಗೆ ಮುಟ್ಟುತ್ತಿತ್ತು. ಭಾವ ಆವತ್ತು ಟಿವಿ ಮುಂದೆ ಕೂತು ಕೇಳಿದ್ದು ಒಂದೇ ಮಾತು: "ನಮ್ಮ ವಿಷಯಕ್ಕೇನೋ ಕೊಟ್ಟಿರೋದು?" ಅಲ್ಲ ಭಾವ ಅಂದೆ. ರಿಮೋಟ್ ಇಟ್ಟು ಎದ್ದು ಹೋದರು.

ನಾವೂ ಕೇಳಲಿಲ್ಲ ಅನ್ನೋದನ್ನ ಸೇರಿಸಬೇಕು. ಕೊಳ್ಳೇಗಾಲದಲ್ಲಿ ಸರತಿಯಲ್ಲಿ ನಿಂತು ಓಟು ಹಾಕಿದ ಆ ಹೆಂಗಸರನ್ನ ಕೂರಿಸಿ, ಅವ್ವ, ಮಂತ್ರಿಗಿರಿ ಬಿಡಬೇಕಾ ಇಟ್ಕೋಬೇಕಾ ಅಂತ ಒಂದು ಸಭೆ ನನಗೆ ಗೊತ್ತಿದ್ದ ಮಟ್ಟಿಗೆ ಆಗಲಿಲ್ಲ. ನಮ್ಮೂರಲ್ಲಿ ಅಂತೂ ಆಗಲಿಲ್ಲ. ಹೈಕಮಾಂಡ್ ಸಂಸ್ಕೃತಿ ಅಂತ ಕಾಂಗ್ರೆಸ್‌ನವರನ್ನ ಆಡಿಕೊಂಡು ನಗೋ ನಾವು ಲಕ್ನೋದಿಂದ ಸುದ್ದಿ ಬಂತು ಅಂದಾಗ ಬಾಯಿ ಮುಚ್ಚಿಕೊಂಡ್ವಿ.

ಅದೇ ಪಕ್ಷದ ಹಳೆಯ ಕತೆ ನೋಡಿ. 1993ರಲ್ಲಿ ಉತ್ತರ ಪ್ರದೇಶದಲ್ಲಿ ಕಾನ್ಶಿರಾಂ ಸಾಹೇಬರು ಮುಲಾಯಂ ಜೊತೆ ಮೈತ್ರಿ ಮಾಡಿದಾಗ ಬಿಎಸ್‌ಪಿಗೆ ಬಂದಿದ್ದು 67 ಸೀಟು, ಸಮಾಜವಾದಿಗಳಿಗೆ 109. 1995ರ ಜೂನ್‌ನಲ್ಲಿ ಬೆಂಬಲ ವಾಪಸ್ ತಗೊಂಡರು. ಜೂನ್ 2ಕ್ಕೆ ಲಕ್ನೋ ಗೆಸ್ಟ್‌ಹೌಸ್‌ನಲ್ಲಿ ಮಾಯಾವತಿಯವರ ಮೇಲೆ ದಾಳಿ ಆಯ್ತು, ಜೂನ್ 3ಕ್ಕೆ ಬಿಜೆಪಿಯ ಬಾಹ್ಯ ಬೆಂಬಲದಲ್ಲಿ ಅವರು ಮುಖ್ಯಮಂತ್ರಿ. ಆ ಬೆಂಬಲ ಸರಿಯೋ ತಪ್ಪೋ ಅಂತ ಮೂವತ್ತು ವರ್ಷದಿಂದ ಜಗಳ ಆಡ್ತಾ ಇದೀವಿ, ಇರಲಿ. ಆ ತಂತ್ರಕ್ಕೆ 67 ಸೀಟು ಬೆನ್ನಿಗಿತ್ತು. 1 ಸೀಟು ಇಟ್ಟುಕೊಂಡು 67 ಸೀಟಿನ ಆಟ ಆಡೋಕಾಗಲ್ಲ. ಒಂದು ಸೀಟಿನಿಂದ ಸರ್ಕಾರ ಬೀಳಿಸೋಕಾಗಲ್ಲ, ಉಳಿಸೋಕೂ ಆಗಲ್ಲ. ಆ ಕುರ್ಚಿಯಲ್ಲಿ ಕೂತು ನಮ್ಮ ಕೆಲಸ ಯಾವುದು ನಿಂತಿದೆ ಅಂತ ದಿನಾ ಕೂಗೋಕೆ ಆಗ್ತಿತ್ತು.

2019ರ ಲೋಕಸಭೆ ಚುನಾವಣೆಗೆ ಬರೋಣ. ವಿಧಾನಸೌಧದಲ್ಲಿ ಬಿಎಸ್‌ಪಿ ಸಮ್ಮಿಶ್ರ ಸರ್ಕಾರದ ಬೆಂಬಲಕ್ಕಿತ್ತು, ಚಾಮರಾಜನಗರದ ಕಣದಲ್ಲಿ ಎದುರಿಗಿತ್ತು. ಮೀಸಲು ಕ್ಷೇತ್ರ. ಬಿಜೆಪಿಯಿಂದ ಶ್ರೀನಿವಾಸ ಪ್ರಸಾದ್, ಕಾಂಗ್ರೆಸ್‌ನಿಂದ ಧ್ರುವನಾರಾಯಣ. ಇಬ್ಬರೂ ನಮ್ಮ ಭಾಗದ ದೊಡ್ಡ ಹೆಸರುಗಳು, ಇಬ್ಬರೂ ಈಗಿಲ್ಲ. ಪ್ರಸಾದ್ ಗೆದ್ದಿದ್ದು 1,817 ಓಟಿನಿಂದ. ಬಿಎಸ್‌ಪಿ ಅಭ್ಯರ್ಥಿ ತಗೊಂಡಿದ್ದು 87 ಸಾವಿರಕ್ಕೂ ಹೆಚ್ಚು. ಬಿಎಸ್‌ಪಿ ಓಟು ಕಾಂಗ್ರೆಸ್‌ನ ಅಪ್ಪನ ಆಸ್ತಿ ಅಂತ ನಾನು ಹೇಳಲ್ಲ, ಸ್ವಂತ ಪಕ್ಷಕ್ಕೆ ಹಾಕೋದು ನಮ್ಮ ಹಕ್ಕು. ಆದರೆ ಮಂತ್ರಿಗಿರಿ ಬಿಟ್ಟಿದ್ದೇ ಲೋಕಸಭೆಗೆ ಪಕ್ಷ ಕಟ್ಟೋಕೆ ಅಂದಿದ್ದರಲ್ಲ, ಅದರ ಫಲ ಏನು ಅಂತ ಕೇಳಬೇಕಲ್ಲವಾ? ಆ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ ಬಿಜೆಪಿಗೆ 25. ಕಾಂಗ್ರೆಸ್ 1, ಜೆಡಿಎಸ್ 1. ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರೇ ಸೋತರು. ಸೋಲಿಸಿದ್ದು ಕಾಂಗ್ರೆಸ್ ಶಾಸಕ ಸ್ಥಾನ ಬಿಟ್ಟು ಹೋದ ಉಮೇಶ್ ಜಾಧವ್.

ಆ ಫಲಿತಾಂಶ ಬರೋಕೆ ಹದಿಮೂರು ದಿನ ಮೊದಲು, 2019ರ ಮೇ 10ಕ್ಕೆ, ಸುಪ್ರೀಂ ಕೋರ್ಟ್ ಬಡ್ತಿ ಮೀಸಲಾತಿಯ ಹೊಸ ಕಾಯ್ದೆಯನ್ನ ಎತ್ತಿಹಿಡಿಯಿತು. ಲಲಿತ್ ಮತ್ತು ಚಂದ್ರಚೂಡ್ ಅವರ ಪೀಠ. ಮೀಸಲಾತಿಯಿಂದ ಆಡಳಿತದ ದಕ್ಷತೆ ಕೆಡುತ್ತೆ ಅನ್ನೋ ಹಳೇ ವಾದಕ್ಕೆ ಆ ತೀರ್ಪಲ್ಲಿ ಕೊಟ್ಟ ಉತ್ತರವನ್ನ ಪ್ರತಿ ಆಫೀಸಲ್ಲೂ ಅಂಟಿಸಬೇಕು. ಆಮೇಲೆ ಸರ್ಕಾರ ಆದೇಶ ಮಾಡಿತು. ಅಂದರೆ ಕಾಯ್ದೆಗೆ ಅಂಕಿತ ಬಿದ್ದಾಗ ಹುಟ್ಟಿದ್ದ ಸರ್ಕಾರ ಅದನ್ನ ಗಟ್ಟಿಯಾಗಿ ಜಾರಿಗೆ ತರೋ ಹೊತ್ತಿಗೆ ಸಾಯೋಕೆ ಎರಡು ತಿಂಗಳು ಬಾಕಿ ಇತ್ತು.

ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ್ದೂ ಇದೇ ಕತೆ. 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಅಂತ ಕುಮಾರಸ್ವಾಮಿ ಹೇಳಿದಾಗ ದೊಡ್ಡ ದೊಡ್ಡ ಸಾಹಿತಿಗಳು ಕನ್ನಡ ಸತ್ತೇಹೋಯ್ತು ಅಂತ ವಿರೋಧ ಮಾಡಿದರು. ಅವರ ಮೊಮ್ಮಕ್ಕಳು ಯಾವ ಮಾಧ್ಯಮದಲ್ಲಿ ಓದ್ತಾರೆ ಅಂತ ನಾವು ಕೇಳಿದ್ವಿ. ದಲಿತ ಸಂಘಟನೆಗಳು ಬೇಕು ಅಂತ ನಿಂತವು. 2019ರ ಜೂನ್‌ನಲ್ಲಿ ತರಗತಿ ಶುರುವಾದಾಗ ಶಿಕ್ಷಣ ಮಂತ್ರಿ ಕುರ್ಚಿಯಲ್ಲಿ ನಮ್ಮವರು ಇರಲಿಲ್ಲ.

ಜುಲೈ ಬಂತು. ಮೊದಲು ಆನಂದ್ ಸಿಂಗ್, 6ನೇ ತಾರೀಖು ಒಂದೇ ದಿನ ಹತ್ತಕ್ಕೂ ಹೆಚ್ಚು ಜನ ರಾಜೀನಾಮೆ. ವಿಮಾನ, ಮುಂಬೈ, ಹೋಟೆಲ್. 8ನೇ ತಾರೀಖು ಅತೃಪ್ತರಿಗೆ ಜಾಗ ಮಾಡಿಕೊಡೋಕೆ ಇಡೀ ಸಂಪುಟವೇ ರಾಜೀನಾಮೆ ಕೊಟ್ಟಿತು, ಪರಮೇಶ್ವರ ಅವರೂ ಸೇರಿ. ಅದೇ ದಿನ ಮುಳಬಾಗಿಲಿನ ನಾಗೇಶ್ ಅವರೂ ಬೆಂಬಲ ವಾಪಸ್ ತಗೊಂಡರು. ಅವರು ಮಂತ್ರಿ ಆಗಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ, ಜೂನ್ 14ಕ್ಕೆ ಪ್ರಮಾಣವಚನ ತಗೊಂಡಿದ್ದರು. ಆಗಸ್ಟ್ 20ಕ್ಕೆ ಯಡಿಯೂರಪ್ಪ ಸಂಪುಟದಲ್ಲಿ ಮತ್ತೆ ಮಂತ್ರಿ. ಎರಡು ತಿಂಗಳಲ್ಲಿ ಎರಡು ಸರ್ಕಾರ, ಎರಡು ಪ್ರಮಾಣವಚನ.

ಕೊಳ್ಳೇಗಾಲದ ವಿಷಯ ಹೀಗಾಯ್ತು. ಸದನದಲ್ಲಿ ಚರ್ಚೆ ನಡೀತಾ ಇತ್ತು. ತಟಸ್ಥವಾಗಿರೋಕೆ ಪಕ್ಷದಿಂದ ಸೂಚನೆ ಬಂದಿದೆ, ಸದನಕ್ಕೆ ಹೋಗಲ್ಲ ಅಂತ ಮಹೇಶ್ ಹೇಳಿದರು. ಜುಲೈ 21ಕ್ಕೆ ಮಾಯಾವತಿಯವರು ಕುಮಾರಸ್ವಾಮಿ ಸರ್ಕಾರದ ಪರ ಓಟು ಹಾಕಬೇಕು ಅಂತ ಟ್ವೀಟ್ ಮಾಡಿದರು. 23ಕ್ಕೆ ಅವರು ಬರಲಿಲ್ಲ. ಅದೇ ರಾತ್ರಿ ಇನ್ನೊಂದು ಟ್ವೀಟ್, ಉಚ್ಚಾಟನೆ. ಹೊಸ ಸೂಚನೆ ನನಗೆ ತಲುಪಲೇ ಇಲ್ಲ ಅನ್ನೋದು ಅವರ ವಿವರಣೆ. ನಂಬೋರು ನಂಬಿದರು, ನಂಬದವರು ನಂಬಲಿಲ್ಲ. ನಮ್ಮ ವಾಟ್ಸಾಪ್ ಗ್ರೂಪ್ ಆ ರಾತ್ರಿ ಎರಡಾಯ್ತು. ಹತ್ತು ವರ್ಷ ಒಟ್ಟಿಗೆ ಏಪ್ರಿಲ್ 14ರ ಮೆರವಣಿಗೆ ಮಾಡಿದವರು ಬೇರೆ ಬೇರೆ ಆದರು. ಇವತ್ತಿಗೂ ಎರಡು ಕಡೆ ಎರಡು ಜಯಂತಿ.

ಇಪ್ಪತ್ತು ವರ್ಷ ಒಂದು ಪಕ್ಷಕ್ಕೆ ದುಡಿದ ಮನುಷ್ಯ, ಆ ಪಕ್ಷದ ರಾಜ್ಯದ ಒಬ್ಬನೇ ಶಾಸಕ, ಪಕ್ಷದ ಮೇಲಿನವರ ಜೊತೆ ಇಷ್ಟು ದೊಡ್ಡ ವಿಷಯ ಮಾತಾಡಿದ್ದು ಟಿವಿ ಮೈಕ್ ಮತ್ತು ಟ್ವೀಟ್ ಮೂಲಕ. ನಾನು ಕೆಲಸ ಮಾಡೋ ಸಣ್ಣ ಆಫೀಸಲ್ಲೂ ಮುಖ್ಯ ಪತ್ರಕ್ಕೆ ಸ್ವೀಕೃತಿ ಸಹಿ ತಗೋತೀವಿ. ಅದಕ್ಕೇ ಹೇಳಿದ್ದು, ಬರೀ ಒಬ್ಬರ ದ್ರೋಹ ಅಂತ ಇದನ್ನ ಮುಗಿಸೋಕೆ ನನಗೆ ಮನಸ್ಸಿಲ್ಲ. ದ್ರೋಹ ಆಗಿಲ್ಲ ಅಂತಲೂ ಅಲ್ಲ. 2021ರ ಆಗಸ್ಟ್‌ನಲ್ಲಿ ಅವರು ಬಿಜೆಪಿ ಸೇರಿದ ದಿನ ನಮ್ಮೂರಿನ ಆ ಹೆಂಗಸರ ಮುಖ ನೆನಪಾಗಿ ನನಗೆ ಊಟ ಸೇರಲಿಲ್ಲ. 2023ರಲ್ಲಿ ಅದೇ ಹೆಂಗಸರು ಮತ್ತೆ ಸಾಲಲ್ಲಿ ನಿಂತರು. ಅದೇ ಕೃಷ್ಣಮೂರ್ತಿ ಅವರನ್ನ 50 ಸಾವಿರಕ್ಕೂ ಹೆಚ್ಚು ಓಟಿನಿಂದ ಗೆಲ್ಲಿಸಿದರು. ಅವರು ಯಾವ ಟಿವಿಯಲ್ಲೂ ಮಾತಾಡಲಿಲ್ಲ.

ಇನ್ನು ಸರ್ಕಾರ ಬೀಳಿಸಿದವರ ಕತೆ. ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನ ಅನರ್ಹ ಮಾಡಿದರು. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂತು, ಆದರೆ ಉಪಚುನಾವಣೆಗೆ ನಿಲ್ಲಬಹುದು ಅಂತು. ಡಿಸೆಂಬರ್ 5ಕ್ಕೆ 15 ಕಡೆ ಚುನಾವಣೆ, 12ರಲ್ಲಿ ಬಿಜೆಪಿ ಗೆಲುವು. 2020ರ ಫೆಬ್ರವರಿ 6ಕ್ಕೆ ಅವರಲ್ಲಿ 10 ಜನ ಮಂತ್ರಿಗಳು. ಆ ಡಿಗ್ರಿ ಹುಡುಗನ ಕಾಲೇಜಲ್ಲಿ ಇವರ ಬಗ್ಗೆ "ನಿಮ್ಮೋರು ಬೀಳಿಸಿದರು" ಅಂತ ಯಾರೂ ಯಾರಿಗೂ ಹೇಳಲ್ಲ. ಅವರಿಗೆ ಜಾತಿ ಇಲ್ಲವಾ? ಇದೆ. ಅವರು ಪಕ್ಷ ಬಿಟ್ಟರೆ ಅದು ರಾಜಕೀಯ, ನಮ್ಮವರು ಬಿಟ್ಟರೆ ಇಡೀ ಸಮಾಜಕ್ಕೆ ಕಳಂಕ. ಈ ಲೆಕ್ಕಕ್ಕೆ ನಾನು ಸಹಿ ಹಾಕಲ್ಲ.

ಕೊನೆಯದಾಗಿ ಒಂದು ದಿನಾಂಕ, ಯಾರೂ ನೆನಪಿಟ್ಟುಕೊಳ್ಳದ್ದು. ಸರ್ಕಾರ ಬಿದ್ದ ಅದೇ ಜುಲೈ 23ರಿಂದಲೇ ಕರ್ನಾಟಕ ಋಣ ಪರಿಹಾರ ಕಾಯ್ದೆ ಜಾರಿಗೆ ಬಂತು. ಮಾರನೇ ದಿನ ಉಸ್ತುವಾರಿ ಮುಖ್ಯಮಂತ್ರಿಯಾಗಿ ಕುಮಾರಸ್ವಾಮಿ ಅದನ್ನ ಪ್ರಕಟಿಸಿದರು. ಹಿಂದಿನ ವರ್ಷ ಬಜೆಟ್‌ನಲ್ಲಿ ಘೋಷಿಸಿದ ಸಾಲಮನ್ನಾ ಬೆಳೆಸಾಲ ಇದ್ದವರಿಗೆ. ಬೆಳೆಸಾಲ ಸಿಗೋಕೆ ಪಹಣಿ ಬೇಕು, ಪಹಣಿಗೆ ಭೂಮಿ ಬೇಕು. ನಮ್ಮ ಕೇರಿಯಲ್ಲಿ ಎಷ್ಟು ಜನರಿಗಿದೆ? ಋಣ ಪರಿಹಾರ ಕಾಯ್ದೆ ಮಾತ್ರ ಭೂಮಿ ಇಲ್ಲದ ಕೂಲಿಯವರು ಖಾಸಗಿಯವರ ಹತ್ತಿರ ಮಾಡಿದ ಸಾಲಕ್ಕೂ, ಅಡ ಇಟ್ಟ ಒಡವೆಗೂ ಸಂಬಂಧಪಟ್ಟಿದ್ದು. ವರ್ಷಕ್ಕೆ 1.20 ಲಕ್ಷದ ಒಳಗೆ ಆದಾಯ ಇರಬೇಕಿತ್ತು, 90 ದಿನದಲ್ಲಿ ಅರ್ಜಿ ಹಾಕಬೇಕಿತ್ತು. ನಮ್ಮವರಿಗೆ ಅಂತ ನೇರವಾಗಿ ಮುಟ್ಟೋ ಒಂದು ಕಾಯ್ದೆ ಜಾರಿಗೆ ಬಂದಿದ್ದು, ಅದನ್ನ ನಡೆಸೋಕೆ ಮಂತ್ರಿಮಂಡಲವೇ ಇಲ್ಲದ ದಿನ. ಆಮೇಲೆ ಆಗಸ್ಟ್ 20ರ ತನಕ ರಾಜ್ಯದಲ್ಲಿ ಯಡಿಯೂರಪ್ಪ ಒಬ್ಬರೇ ಸಂಪುಟ.

ಆ ಆಗಸ್ಟ್‌ನಲ್ಲಿ ಊರಿಗೆ ಹೋಗಿ ಅಂಬೇಡ್ಕರ್ ಭವನದ ಜಗಲಿ ಮೇಲೆ ಕೂತು ಹನ್ನೊಂದು ಅರ್ಜಿ ಬರೆದುಕೊಟ್ಟೆ. ಕಿವಿ ಓಲೆ, ಮೂಗುಬೊಟ್ಟು, ಒಂದು ಮಾಂಗಲ್ಯ. ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತುತ್ತಾ, "ಇದು ಯಾವ ಸರ್ಕಾರದ್ದಪ್ಪ?" ಅಂತು. ಹೋದ ಸರ್ಕಾರದ್ದು ಅಜ್ಜಿ ಅಂದೆ. "ಹೋದಮೇಲೆ ಕೊಟ್ಟವ್ರಾ?" ಅಂತು.

ಭಾವನ ಕಡತ ಆ ವರ್ಷದ ಕೊನೆಗೆ ಸರಿ ಆಯ್ತು, ಹಳೇ ಹುದ್ದೆ ವಾಪಸ್ ಬಂತು. ಆ ನೇಮ್ ಬೋರ್ಡ್ ಮಾತ್ರ ಇನ್ನೂ ಬೀರುವಿನ ಮೇಲೇ ಇದೆ, ಆಫೀಸಿಗೆ ಹೊಸದು ಬರೆಸಿಕೊಂಡರು.

2018ರ ಅಕ್ಟೋಬರ್‌ನಲ್ಲಿ ಕೊಳ್ಳೇಗಾಲ, ಯಳಂದೂರು ಕಡೆ ಮಂತ್ರಿಗಿರಿ ಬಿಡೋದರ ಬಗ್ಗೆ ಎಲ್ಲಾದರೂ ಕಾರ್ಯಕರ್ತರ ಸಭೆ ಆಗಿದ್ದರೆ, ಅಲ್ಲಿ ಇದ್ದವರು ದಯವಿಟ್ಟು ಕಾಮೆಂಟಲ್ಲಿ ಬರೀರಿ. ನಾನು ಆಗಿಲ್ಲ ಅಂತ ಬರೆದಿದೀನಿ, ತಪ್ಪಿದ್ದರೆ ತಿದ್ಕೋತೀನಿ. ಭಾನುವಾರ ಆ ಹುಡುಗ ಮತ್ತೆ ಬರ್ತಾನೆ, ಅವನಿಗೆ ಸರಿಯಾದ್ದು ಹೇಳಬೇಕು.

ಜೈ ಭೀಮ್.